ಬೀಗ ಹಾಕಿ ಸ್ವಾಮಿ, ಕೀಲಿ ಕೊಡಬೇಡಿ!

ಯಾರೂ ನೋಡಿಕೊಳ್ಳದ ಮಾಡ್ಯೂಲನ್ನು ಕೇಳಿದವರಿಗೆ ಕೊಟ್ಟುಬಿಡಿ, ಹೇಗೋ ಬದುಕಿರಲಿ ಅನ್ನುವವರ ಮಾತು ನಾನು ಒಪ್ಪೋದಿಲ್ಲ. 2018ರಲ್ಲಿ ಈವೆಂಟ್-ಸ್ಟ್ರೀಮ್‌ಗೆ ಏನಾಯ್ತು? ಬರೆದಾತ ಅದನ್ನು ಬಳಸುವುದನ್ನೇ ಬಿಟ್ಟಿದ್ದ. ನಾನು ನೋಡ್ಕೋತೀನಿ ಅಂತ ಬಂದ ಅಪರಿಚಿತನಿಗೆ ಕೀಲಿ ಕೊಟ್ಟ. ಆಮೇಲೆ ನೋಡಿದರೆ, ಕೊಪೇ ವ್ಯಾಲೆಟ್‌ನಿಂದ ಬಿಟ್‌ಕಾಯಿನ್ ಕದಿಯುವ ಕೋಡ್ ಒಳಗೆ ಸೇರಿತ್ತು! ಪುಕ್ಕಟೆ ಬಳಸಿದವರು ಆತನನ್ನೇ ಬೈದರು. ಅವರಲ್ಲಿ ಎಷ್ಟು ಮಂದಿ ಮೊದಲೇ ಕೈ ಜೋಡಿಸಿದ್ದರು ಸ್ವಾಮಿ?

ಪೈಥಾನ್‌ನವರು ಮಾಡಿದ್ದೇ ಸರಿ. ಸಿಜಿಐ, ಟೆಲ್ನೆಟ್‌ಲಿಬ್ ಸೇರಿ 19 ಹಳೇ ಮಾಡ್ಯೂಲ್‌ಗಳ ಬಗ್ಗೆ 2022ರ 3.11ರಲ್ಲೇ ಎಚ್ಚರಿಕೆ ಕೊಟ್ಟು, 2024ರ 3.13ರಲ್ಲಿ ಕಿತ್ತುಹಾಕಿದರು. ಬೇಕಾದವರಿಗೆ ಹಳೇ ಕೋಡ್ ಇದ್ದೇ ಇದೆ... ಫೋರ್ಕ್ ಮಾಡಿ ತಮ್ಮ ಹೆಸರಲ್ಲೇ ನಡೆಸಲಿ. ಕೋಡ್ ದಾನ ಕೊಡಬಹುದು; ಹೆಸರಿನ ಮೇಲೆ ಜನ ಇಟ್ಟ ನಂಬಿಕೆಯನ್ನಲ್ಲ. ಏನಂತೀರಿ?