ಪ್ರಯೋಗವೂ ಎಚ್ಚರಿಕೆಯೂ

ವಿಜ್ಞಾನವು ಓದಿ ಒಪ್ಪಿಸತಕ್ಕ ವಿಷಯವಲ್ಲ, ಮಾಡಿ ಅರಿಯತಕ್ಕ ವಿಷಯ. ಈ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಆದರೂ ಎಷ್ಟೋ ಶಾಲೆಗಳಲ್ಲಿ ಗುರುಗಳು ಮೇಜಿನ ಬಳಿ ನಿಂತು ಮಾಡಿ ತೋರಿಸುವುದು, ವಿದ್ಯಾರ್ಥಿಗಳು ದೂರದಿಂದ ನೋಡಿ ಬರೆದುಕೊಳ್ಳುವುದು, ಇಷ್ಟಕ್ಕೇ ಪ್ರಯೋಗ ಮುಗಿಯುತ್ತದೆ. ಕಾರಣವನ್ನು ಕೇಳಿದರೆ, “ಗಾಜು ಒಡೆದೀತು, ಆಮ್ಲ ಸಿಡಿದೀತು, ಹುಡುಗರಿಗೆ ಏನಾದರೂ ಆದರೆ ಹೊಣೆ ಯಾರು?” ಎಂಬ ಉತ್ತರ ಬರುತ್ತದೆ.

ಈ ಭಯವು ನಿರಾಧಾರವೆಂದು ಹೇಳಲಾಗದು. 1812ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯು ನೈಟ್ರೋಜನ್ ಟ್ರೈಕ್ಲೋರೈಡನ್ನು ಪರೀಕ್ಷಿಸುತ್ತಿದ್ದಾಗ ಅದು ಸಿಡಿದು ಆತನ ಕಣ್ಣಿಗೆ ಪೆಟ್ಟಾಯಿತು. ಆಗ ಆತನಿಗೆ ಬರೆದುಕೊಡಲು ಬಂದವನು, ಪುಸ್ತಕ ಕಟ್ಟುವ ಕಸಬು ಕಲಿತಿದ್ದ ಮೈಕೆಲ್ ಫ್ಯಾರಡೆ. ಮರುವರ್ಷ ಅದೇ ವಸ್ತುವು ಫ್ಯಾರಡೆಯ ಕೈಯಲ್ಲಿಯೂ ಸಿಡಿದು ಉಗುರಿನ ಒಂದು ಭಾಗವನ್ನು ಕಿತ್ತಿತು. ಗಾಜಿನ ಚೂರುಗಳು ಬಡಿದುದು ಮಾತ್ರ ಆತ ಧರಿಸಿದ್ದ ಮುಖರಕ್ಷೆಗೆ, ಕಣ್ಣುಗಳು ಉಳಿದವು. ಆ ಫ್ಯಾರಡೆಯೇ 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದನು. ಗೋರೆಗಾಂವಿನಿಂದ ಚರ್ಚ್‌ಗೇಟಿಗೆ ನಮ್ಮನ್ನು ಒಯ್ಯುವ ಲೋಕಲ್ ಗಾಡಿಗೆ ಬೇಕಾದ ವಿದ್ಯುತ್ತನ್ನು ಉತ್ಪಾದಿಸುವ ಯಂತ್ರಗಳು ಆ ತತ್ತ್ವದಿಂದಲೇ ನಡೆಯುತ್ತವೆ. ಅಪಾಯವನ್ನು ಕಂಡು ಆತ ಪ್ರಯೋಗಶಾಲೆಗೆ ಬೆನ್ನು ತಿರುಗಿಸಲಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದುಂಟೆ?

ಎಚ್ಚರಿಕೆಯು ವಿಜ್ಞಾನದ ಹೊರಗಿನ ಮಾತಲ್ಲ, ಅದೂ ಪಾಠವೇ ಎಂಬುದು ನನ್ನ ಅಭಿಪ್ರಾಯ. ಆಮ್ಲವನ್ನು ನೀರಿಗೆ ನಿಧಾನವಾಗಿ ಸೇರಿಸಬೇಕು, ನೀರನ್ನು ಆಮ್ಲಕ್ಕೆ ಸುರಿಯಬಾರದು ಎನ್ನುತ್ತೇವೆ. ಏಕೆ? ಪ್ರಬಲ ಗಂಧಕಾಮ್ಲವು ನೀರಿನೊಡನೆ ಬೆರೆತಾಗ ವಿಪರೀತ ಶಾಖ ಹುಟ್ಟುತ್ತದೆ. ಮೇಲೆ ಸುರಿದ ನೀರು ಕುದಿದು ಆಮ್ಲದೊಡನೆ ಸಿಡಿಯುತ್ತದೆ. ಸೋಡಿಯಮ್ಮನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಡುವುದೇಕೆ? ಗಾಳಿಯ ತೇವವೇ ಅದಕ್ಕೆ ಶತ್ರು. ಮುಂಬಯಿಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಕಾರಣವನ್ನು ಅರಿತವನು ನಿಯಮವನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಇನ್ನು, ಎಲ್ಲ ಪ್ರಯೋಗಗಳಿಗೂ ಅಪಾಯಕರ ವಸ್ತುಗಳು ಬೇಕೆಂದೇನೂ ಇಲ್ಲ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಬಿಟ್ಟರೆ ಅದು ಹಾಲಿನಂತಾಗುತ್ತದೆ. ಅರಿಸಿನದ ಕಲೆಗೆ ಸಾಬೂನು ತಗಲಿದರೆ ಕೆಂಪಾಗುತ್ತದೆ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ ಹದಿನಾರು ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮವು ಇಂತಹ ಅಗ್ಗದ ಸಾಮಗ್ರಿಗಳಿಂದಲೇ ಹಳ್ಳಿಯ ಮಕ್ಕಳ ಕೈಯಲ್ಲಿ ಪ್ರಯೋಗ ಮಾಡಿಸಿತು. 2002ರಲ್ಲಿ ಅದು ನಿಂತುಹೋದರೂ ಅದು ತೋರಿದ ದಾರಿ ಅಳಿದಿಲ್ಲ.

ಕನ್ನಡ ಮಾಧ್ಯಮದ ನಮ್ಮ ವಿದ್ಯಾರ್ಥಿಗಳಿಗೆ ಇದು ಇನ್ನೂ ಅಗತ್ಯ. ಹತ್ತನೆಯ ತರಗತಿಯ ಬಳಿಕ ಇವರಲ್ಲಿ ಹೆಚ್ಚಿನವರು ಇಂಗ್ಲಿಷಿನಲ್ಲಿ ವಿಜ್ಞಾನವನ್ನು ಓದಬೇಕಾಗುತ್ತದೆ. ಶಬ್ದವು ಹೊಸದಾದರೂ ವಸ್ತುವು ಕೈಗೆ ಹಳೆಯದಾಗಿದ್ದರೆ ಅವರು ಎಡವುವುದಿಲ್ಲ. ಬರಿಯ ಟಿಪ್ಪಣಿಯನ್ನು ನಂಬಿದವರಿಗೆ ಶಬ್ದವೂ ಹೊಸದು, ವಸ್ತುವೂ ಹೊಸದು.

ಆದುದರಿಂದ ಶಾಲೆಗಳು ಕಣ್ಣಿನ ರಕ್ಷೆಯ ಕನ್ನಡಕ, ಮರಳಿನ ಬಕೆಟ್ಟು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವನ್ನು ಮೊದಲು ಒದಗಿಸಲಿ. ನಾಲ್ಕೈದು ಮಂದಿಯ ಗುಂಪು ಮಾಡಿ, ಗುರುಗಳ ಕಣ್ಣೆದುರು ಎಲ್ಲರ ಕೈಗೂ ಕೆಲಸ ಕೊಡಲಿ. ವಿದ್ಯಾರ್ಥಿಗಳೂ ತಮ್ಮ ಹೊಣೆಯನ್ನು ಮರೆಯಬಾರದು. ಕಾಯಿಸುವ ಪ್ರನಾಳದ ಬಾಯನ್ನು ಯಾರ ಮುಖದ ಕಡೆಗೂ ಹಿಡಿಯಬಾರದು. ಉರಿಯುವ ಸ್ಪಿರಿಟ್ ದೀಪಕ್ಕೆ ಸ್ಪಿರಿಟ್ ಸುರಿಯಬಾರದು. ಗೊತ್ತಿಲ್ಲದ ಯಾವುದನ್ನೂ ರುಚಿ ನೋಡಬಾರದು. ಕೈ ಸುಟ್ಟರೆ ಕೂಡಲೇ ಗುರುಗಳಿಗೆ ತಿಳಿಸಿ, ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿಯಬೇಕು. ಮೊಬೈಲಿನಲ್ಲಿ ಕಂಡ ಸ್ಫೋಟಗಳನ್ನು ಮನೆಯಲ್ಲಿ ಮಾಡಿನೋಡುವುದು ಸಾಹಸವಲ್ಲ, ಅವಿವೇಕ.

ಭಯವು ಕೈಯನ್ನು ಕಟ್ಟಿಹಾಕುತ್ತದೆ. ಎಚ್ಚರವು ಕೈಯನ್ನು ಪಳಗಿಸುತ್ತದೆ. ನಮ್ಮ ಪ್ರಯೋಗಶಾಲೆಗಳಲ್ಲಿ ಎಚ್ಚರವು ನೆಲೆಸಲಿ, ಬೀಗವಲ್ಲ.