ಬರೆದುಕೊಟ್ಟ ಭಾಷಣ ಮತ್ತು ಸತ್ಯಾಣುವ್ರತ

ಏಂಜೆಲಾ ರಾಬಿನ್‌ಸನ್ ಬರೆದು ನಿರ್ದೇಶಿಸಿದ ‘ಡೆಬ್ಸ್’ (2004) ಗೂಢಚಾರ ಚಿತ್ರಗಳನ್ನೇ ಗೇಲಿಮಾಡುವ ಅಮೆರಿಕದ ಹಾಸ್ಯಚಿತ್ರ. ಅದರಲ್ಲಿ ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆಯೊಳಗೆ ಇನ್ನೊಂದು ಗುಪ್ತ ಪರೀಕ್ಷೆ ಅಡಗಿದೆ. ಸುಳ್ಳಾಡಲು, ವಂಚಿಸಲು, ಹೊಡೆದಾಡಲು, ಕೊಲ್ಲಲು ಯಾವ ಹುಡುಗಿ ಸಮರ್ಥಳೆಂದು ಅದು ಅಳೆಯುತ್ತದೆ. ಆಯ್ಕೆಯಾದವರಿಗೆ ಚೌಕುಳಿ ಲಂಗ ತೊಡಿಸಿ ಬೇಹುಗಾರಿಕೆ ಕಲಿಸಲಾಗುತ್ತದೆ. ಅಣುವ್ರತಗಳ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ಶಾಲೆ ಸಿಗಲಾರದು! ಅಲ್ಲಿಯ ಶ್ರೇಷ್ಠ ವಿದ್ಯಾರ್ಥಿನಿ ಏಮಿ, ತಾನು ಹಿಡಿಯಬೇಕಾದ ಕಳ್ಳಿ ಲೂಸಿ ಡೈಮಂಡ್‌ಳಲ್ಲಿಯೇ ಅನುರಕ್ತಳಾಗುತ್ತಾಳೆ.

ನಗೆಯ ನಡುವೆ ಗಂಭೀರವಾದ ಒಂದು ಘಟ್ಟವಿದೆ. ಗೆಳತಿಯರು ಬಾಗಿಲು ನುಗ್ಗಿ ಇಬ್ಬರ ಏಕಾಂತವನ್ನು ಬಯಲಿಗೆಳೆಯುತ್ತಾರೆ. ಮಾನ ಉಳಿಸಿಕೊಳ್ಳಲು ಸಂಸ್ಥೆಯು ಏಮಿ ಅಪಹೃತಳಾಗಿದ್ದಳೆಂಬ ಕಥೆ ಕಟ್ಟುತ್ತದೆ. ಸಂಸ್ಥೆಯ ಸಮಾರಂಭದಲ್ಲಿ ಲೂಸಿಯನ್ನು ನಿಂದಿಸಿ ಮಾತನಾಡಿದರೆ ಆಕೆಗೆ ಗೌರವ, ಮನ್ನಣೆ ಎಲ್ಲವೂ ಮರಳುತ್ತವೆ. ಏಮಿ ಆ ಭಾಷಣವನ್ನು ಪೂರೈಸುವುದಿಲ್ಲ.

ಇಂತಹ ಭಾಷಣಗಳು ಮುಂಬಯಿ, ಪುಣೆಗಳ ಜೈನ ಮನೆಗಳಿಗೆ ಹೊಸತಲ್ಲ. ಅಲ್ಲಿ ಅವಕ್ಕೆ ‘ಬಯೋಡೇಟಾ’ ಎಂದು ಹೆಸರು. ಮಗಳ ಮನಸ್ಸು ಇನ್ನೊಬ್ಬ ಹೆಣ್ಣಿನಲ್ಲಿದೆಯೆಂದು ತಿಳಿದ ಮೇಲೂ ವರಾನ್ವೇಷಣೆ ನಿಲ್ಲುವುದಿಲ್ಲ, ಇನ್ನೂ ತ್ವರಿತವಾಗುತ್ತದೆ. ‘ಮದುವೆಯಾದರೆ ಸರಿಹೋಗುತ್ತಾಳೆ’ ಎಂಬ ನಂಬಿಕೆಯಲ್ಲಿ, ಏನೂ ಅರಿಯದ ಮತ್ತೊಂದು ಶ್ರಾವಕ ಕುಟುಂಬದ ಮಗನನ್ನು ಆ ಸುಳ್ಳಿಗೆ ಭಾಗಿಯಾಗಿಸಲಾಗುತ್ತದೆ. ಈ ಎರಡನೆಯ ಅನ್ಯಾಯದ ಮಾತನ್ನು ಸಮಾಜದ ಹಿರಿಯರು ಎತ್ತುವುದೇ ಇಲ್ಲ.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಪರರ ಏಕಾಂತದ ಗುಟ್ಟನ್ನು ಬಯಲುಮಾಡುವ ರಹೋಭ್ಯಾಖ್ಯಾನ ಅವುಗಳಲ್ಲೊಂದು. ಸುಳ್ಳು ಪತ್ರ ಬರೆಯುವ ಕೂಟಲೇಖಕ್ರಿಯೆ ಮತ್ತೊಂದು. ಮಗಳ ಮೊಬೈಲನ್ನು ಕದ್ದು ನೋಡಿ ಬಂಧುಗಳ ಮುಂದೆ ಓದುವವರೂ, ಮರುವಾರವೇ ಬಯೋಡೇಟಾ ಅಚ್ಚುಹಾಕಿಸುವವರೂ ಒಬ್ಬರೇ ಆಗಿರುತ್ತಾರೆ.

ಇದೆಲ್ಲ ಪಾಶ್ಚಾತ್ಯರ ರೋಗ ಎಂಬ ವಾದಕ್ಕೆ ಉತ್ತರ ನೀಡಲು ಅಮೆರಿಕದ ಚಿತ್ರವೇ ಬೇಕಿಲ್ಲ. ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವು ದೇಹದ ಲಿಂಗವಾದ ದ್ರವ್ಯವೇದವನ್ನೂ, ಕಾಮದ ಭಾವವಾದ ಭಾವವೇದವನ್ನೂ ಬೇರ್ಪಡಿಸುತ್ತದೆ; ಎರಡೂ ಪ್ರಾಯಶಃ ಹೊಂದಿರುತ್ತವೆ, ಕೆಲವೆಡೆ ಹೊಂದುವುದಿಲ್ಲ ಎನ್ನುತ್ತದೆ. ಮೂರು ವೇದಗಳೂ ನೋಕಷಾಯಗಳೇ ಆದ್ದರಿಂದ ಮುನಿಗೆ ಎಲ್ಲವೂ ತ್ಯಾಜ್ಯ. ಆದರೆ ಗೃಹಸ್ಥನ ಪುರುಷವೇದಕ್ಕೆ ಮಂಟಪ, ಓಲಗ. ಉಳಿದುದಕ್ಕೆ ಮಾತ್ರ ವೈರಾಗ್ಯದ ಉಪದೇಶ ಎಂಬ ತಾರತಮ್ಯಕ್ಕೆ ಆಗಮದ ಆಧಾರವಿಲ್ಲ.

ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. ವಿವಾಹದ ಮಾನ್ಯತೆಯನ್ನು 2023ರ ಅಕ್ಟೋಬರ್ 17ರ ತೀರ್ಪು ಶಾಸಕಾಂಗಕ್ಕೆ ಬಿಟ್ಟಿತು. ಯಾವ ಪಕ್ಷಕ್ಕೂ ಅದರ ಅವಸರವಿಲ್ಲ. ಮತಗಳ ಲೆಕ್ಕದಲ್ಲಿ ಈ ಹೆಣ್ಣುಮಕ್ಕಳು ಕಾಣುವುದಿಲ್ಲ. ಆದರೆ ಸುಳ್ಳು ಮದುವೆಯನ್ನು ತಡೆಯಲು ಸಂಸತ್ತಿನ ಮಸೂದೆ ಬೇಕಾಗಿಲ್ಲ. ವಧೂವರರ ಸಮಾವೇಶ ನಡೆಸುವ ಸಂಘಗಳು ಅರ್ಜಿಯಲ್ಲಿ ಎತ್ತರ, ಸಂಬಳ, ಸ್ವಂತ ಮನೆ ಎಲ್ಲವನ್ನೂ ಕೇಳುತ್ತವೆ. ಹೆಸರು ನೋಂದಾಯಿಸುವ ಮುನ್ನ ಹೆತ್ತವರನ್ನು ಹೊರಗೆ ಕೂರಿಸಿ, ಹಿರಿಯ ಶ್ರಾವಿಕೆಯೊಬ್ಬರು ಹುಡುಗಿಯನ್ನೇ ಅವಳ ಇಚ್ಛೆ ಕೇಳಲಿ. ಅವಳು ಬೇಡವೆಂದರೆ ಕಾರಣವನ್ನು ಯಾರಿಗೂ ಹೇಳದೆ ಅರ್ಜಿಯನ್ನು ಹಿಂದಿರುಗಿಸಲಿ.