ರೊಕ್ಕ ಅಂದರೆ ನಗುವುದೇಕೆ?

ಮಗಳ ಮನೆಗೆಂದು ಬೆಂಗಳೂರಿಗೆ ಹೋಗಿದ್ದೆ. ಕಿರಾಣಿ ಅಂಗಡಿಯ ಗಲ್ಲಾದ ಮುಂದೆ ನಿಂತು, "ರೊಕ್ಕ ಎಷ್ಟಾತ್ರಿ?" ಎಂದೆ. ಗಲ್ಲಾದ ಹುಡುಗ ನಕ್ಕ. ಹಿಂದೆ ನಿಂತವರೂ ನಕ್ಕರು. ಅದು ಹೋಗಲಿ ಅನ್ನಿ. ಮಗಳು ನನ್ನ ಸೆರಗು ಜಗ್ಗಿ, "ಅವ್ವಾ, ಇಲ್ಲಿ ದುಡ್ಡು ಅನ್ನಬೇಕು" ಎಂದಳಲ್ಲ, ಅದು ಚುಚ್ಚಿತು.

ನನ್ನ ತವರು ಭೀಮಾ ದಂಡೆಯ ದೇವಣಗಾಂವ. ನಮ್ಮ ಹಿರಿಯರ ಕಾಲದಲ್ಲಿ ಹೊಳೆಯ ಈಚೆ ಮುಂಬೈ ಪ್ರಾಂತ, ಆಚೆ ಅಫಜಲಪುರದ ಕಡೆ ನಿಜಾಮರ ಸೀಮೆ. ಇಲ್ಲಿ ಇಂಗ್ಲಿಷರ ರೂಪಾಯಿ, ಅಲ್ಲಿ ನಿಜಾಮರ ಹಾಲಿ ಸಿಕ್ಕಾ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ಎರಡೂ ದಂಡೆ ಒಂದೇ ರಾಜ್ಯಕ್ಕೆ ಸೇರಿದವು. ಇಷ್ಟೆಲ್ಲ ಬದಲಾದರೂ ಎರಡೂ ದಂಡೆಯ ಜನರ ಬಾಯಲ್ಲಿ ರೊಕ್ಕ ರೊಕ್ಕವಾಗಿಯೇ ಉಳಿಯಿತು. ಅಂಥ ಮಾತು ಈಗ ಒಬ್ಬ ಹುಡುಗನ ನಗೆಗೆ ಅಂಜಬೇಕೇ?

ಶುದ್ಧ ಕನ್ನಡ ಯಾವುದೆಂದು ತೂಗುವವರಿಗೆ ಒಂದು ಮಾತು. ರೊಕ್ಕವೆಂದರೆ ಕೈಯಲ್ಲಿರುವ ನಗದು. ಪುರಂದರದಾಸರೂ ತಮ್ಮ ಹಾಡಿನಲ್ಲಿ ರೊಕ್ಕವೆಂದೇ ಅಂದಿದ್ದಾರೆ. ದುಡ್ಡೆಂಬುದಾದರೂ ಏನು? ಹಿಂದಿನ ಕಾಲದ ಚಿಕ್ಕ ತಾಮ್ರದ ನಾಣ್ಯ. ಎರಡೂ ಮನೆಮಾತೇ. ಒಂದಕ್ಕೆ ಮಣೆ ಹಾಕಿ ಇನ್ನೊಂದನ್ನು ಹೊಸ್ತಿಲಾಚೆ ನಿಲ್ಲಿಸುವುದು ಯಾವ ನ್ಯಾಯ?

ನಮ್ಮ ಕಡೆ ಗಲ್ಲಾದ ಮಾತಿನಲ್ಲಿ ಲೆಕ್ಕವಷ್ಟೇ ಇರುವುದಿಲ್ಲ. ಕೂಲಿ ಮಾಡುವ ಹೆಣ್ಣುಮಗಳ ಕೈಯಲ್ಲಿ ರೊಕ್ಕ ಇರದಿದ್ದರೆ ಅಂಗಡಿಯವ, "ಇರ್ಲಿ ತಗೊಂಡು ಹೋಗ್ರಿ ಯವ್ವಾ, ಆಮ್ಯಾಲ ಕೊಡೀರಂತ" ಎಂದು ಉದ್ರಿ ಬರೆದುಕೊಳ್ಳುತ್ತಾನೆ. ಆ 'ರಿ' ಎಂಬ ಒಂದೇ ಅಕ್ಷರದಲ್ಲಿ ಅವಳ ಮಾನ ಉಳಿಯುತ್ತದೆ. ಈ ಮಾತಿಗೆ ಒರಟು ಎಂಬ ಹೆಸರು!

ಈಗ ಗಲ್ಲಾದ ಮೇಲೆ ಒಂದು ಡಬ್ಬಿ ಕೂತಿದೆ. ಫೋನಿನಿಂದ ಹಣ ಹಾಕಿದೊಡನೆ "ಸ್ವೀಕರಿಸಲಾಗಿದೆ" ಎಂದು ಕೂಗುತ್ತದೆ. ಯಾರ ಮನೆಯಲ್ಲಿ ಹೀಗೆ ಮಾತಾಡುತ್ತಾರೆ, ನೀವೇ ಹೇಳಿರಿ. ಅದಕ್ಕೆ ಯಾರೂ ನಗುವುದಿಲ್ಲ. ನಗುವುದು ನಮ್ಮಂಥವರಿಗೆ ಮಾತ್ರ.

ಆದರೆ ಹುಡುಗನನ್ನಷ್ಟೇ ಬಯ್ದರೆ ಹೇಗೆ? ಮಕ್ಕಳನ್ನು ಓದಲು ಪಟ್ಟಣಕ್ಕೆ ಕಳಿಸುವಾಗ, "ಹಳ್ಳಿ ಮಾತು ಬಿಡು, ನಾಕು ಮಂದಿ ನಗತಾರ" ಎಂದು ಗದರಿಸಿದವರು ನಾವೇ ಅಲ್ಲವೇ? ನಾನೂ ಗದರಿಸಿದ್ದೇನೆ. ಮಗಳು ನನಗೆ ತಿರುಗಿ ಹೇಳಿದ್ದು ನಾನು ಕಲಿಸಿದ ಪಾಠವನ್ನೇ.

ಮರುದಿನ ಮೊಮ್ಮಗಳ ಕೈ ಹಿಡಿದು ಅದೇ ಅಂಗಡಿಗೆ ಹೋದೆ. "ರೊಕ್ಕ ಎಷ್ಟಾತ್ರಿ ಅಂತ ಕೇಳವ್ವಾ" ಎಂದೆ. ಕೂಸು ದೊಡ್ಡ ದನಿಯಲ್ಲಿ ಕೇಳಿತು. ಹುಡುಗ ನಗಲಿಲ್ಲ. ಲೆಕ್ಕ ಹೇಳಿದ.